ಅಪ್ಪನಿಗೆ ಓದಿ ಹೇಳಿದ ಪುಸ್ತಕ

ಎರಡು ಸಾವಿರದ ಏಳರ ಮಳೆಗಾಲದಲ್ಲಿ ಅಪ್ಪ ಮೂರು ವಾರಕ್ಕೂ ಹೆಚ್ಚು ಗೋವಾದ ವಾಸ್ಕೊ ಕಡೆಯ ಸರ್ಕಾರಿ ಆಸ್ಪತ್ರೆಯಲ್ಲಿದ್ದ. ನಾನಾಗ ವೆರ್ಣಾದ ಒಂದು ಔಷಧ ಕಾರ್ಖಾನೆಯಲ್ಲಿ ಮಾತ್ರೆಗಳನ್ನು ಪ್ಯಾಕ್ ಮಾಡುತ್ತಿದ್ದೆ. ಬೆಳಗಿನ ಪಾಳಿ ಮುಗಿದು ಕಂಪನಿ ಬಸ್ಸು ನನ್ನನ್ನು ವಾಸ್ಕೊದಲ್ಲಿ ಇಳಿಸುವಾಗ ಮೂರು ಗಂಟೆ. ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಲು ಒಳಗೆ ಬಿಡುತ್ತಿದ್ದದ್ದು ನಾಲ್ಕೂವರೆಗೆ. ದಾಬೋಲಿಮ್‌ನ ನಮ್ಮ ಮನೆಗೆ ಹೋಗಿ ಮತ್ತೆ ಬರುವಷ್ಟು ಹೊತ್ತಿರಲಿಲ್ಲ. ಆ ವೇಳೆಗೆ ಪೇಟೆಯ ಅಂಗಡಿಗಳೆಲ್ಲ ಗೋವೆಯ ರೂಢಿಯಂತೆ ಮಧ್ಯಾಹ್ನದ ನಿದ್ದೆಗೆ ಬಾಗಿಲು ಹಾಕಿರುತ್ತಿದ್ದವು. ಮೊದಲ ಎರಡು ದಿನ ಬಸ್ ನಿಲ್ದಾಣದ ತಗಡಿನ ಕೆಳಗೆ ನಿಂತೇ ಕಾಲ ಕಳೆದೆ. ಮೂರನೆಯ ದಿನ ಗಾಳಿಮಳೆ ಜೋರಾಗಿ, ತೆರೆದಿದ್ದ ಒಂದು ಬಾಗಿಲು ಕಂಡು ಒಳಗೆ ಹೋದೆ. ಮೆಟ್ಟಿಲು ಹತ್ತಿದ ಮೇಲೆಯೇ ಅದು ಸಾರ್ವಜನಿಕ ಗ್ರಂಥಾಲಯ ಎಂದು ತಿಳಿದದ್ದು.

ನಾನು ನಾಲ್ಕನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ, ಆಮೇಲೆ ಹತ್ತರವರೆಗೆ ಮರಾಠಿಯಲ್ಲಿ ಓದಿದವಳು. ಶಾಲೆ ಬಿಟ್ಟ ಮೇಲೆ ಪುಸ್ತಕ ಹಿಡಿದಿರಲಿಲ್ಲ. ಒಳಗೆ ಹೋಗುವುದೋ ಇಳಿದುಬಿಡುವುದೋ ಎಂದು ನೀರು ಸೋರುವ ಕೊಡೆ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಮೇಜಿನ ಹಿಂದೆ ಕೂತಿದ್ದ ಗ್ರಂಥಪಾಲಕರು ತಲೆ ಎತ್ತಿ ನೋಡಿದರು. ನಿವೃತ್ತಿಗೆ ಹತ್ತಿರವಾಗಿದ್ದ ಗೋವೆಯ ಮನುಷ್ಯ, ತೆಳ್ಳಗೆ, ಅರ್ಧ ತೋಳಿನ ಬಿಳಿ ಅಂಗಿ.

"ಕೊಡೆ ಆ ಬಕೆಟ್ಟಿನಲ್ಲಿಡು, ಬಾಯ್. ಆಮೇಲೆ ಎಲ್ಲಿ ಬೇಕಾದರೂ ಕೂತುಕೋ."

ಅವರು ಆಡುತ್ತಿದ್ದದ್ದು ಕೊಂಕಣಿ, 'ಬಾಯ್' ಎಂದರೆ ಅದರಲ್ಲಿ ತಂಗಿ ಎಂದಂತೆ; ನಾನು ಉತ್ತರ ಕೊಡುತ್ತಿದ್ದದ್ದು ಮರಾಠಿ ಬೆರೆತ ಮಾತಿನಲ್ಲಿ. ಈಗ ನೆನಪಿನಲ್ಲಿ ಅದೆಲ್ಲವೂ ಕನ್ನಡದಲ್ಲೇ ಕೇಳಿಸುತ್ತದೆ.

ಬಾಗಿಲ ಪಕ್ಕದಲ್ಲಿ ಒಂದು ಇಳಿಜಾರಿನ ಮರದ ಸ್ಟ್ಯಾಂಡು ಇತ್ತು. ಹೊಸದಾಗಿ ಬಂದ ಪುಸ್ತಕಗಳನ್ನು ಒಂದು ತಿಂಗಳು ಅದರ ಮೇಲೆ ಮುಖ ಕಾಣುವಂತೆ ಇಡುತ್ತಿದ್ದರು. ಕಾದಂಬರಿ, ಕಥೆ ಅದರಲ್ಲಿ ಇರುತ್ತಿರಲಿಲ್ಲ. ಬರೀ ತಿಳಿವಳಿಕೆಯ ಪುಸ್ತಕಗಳು. ಪ್ರತಿಯೊಂದರ ಮೇಲೂ ಗ್ರಂಥಪಾಲಕರು ತಮ್ಮ ಕೈಯಿಂದ ಬರೆದ ಒಂದು ಚೀಟಿ. ಪುಸ್ತಕದಲ್ಲಿ ಏನಿದೆ ಎಂದಲ್ಲ, ಅದು ಯಾರಿಗೆ ಎಂದು ಅವರು ಬರೆಯುತ್ತಿದ್ದರು. 'ಬಾವಿ ನೀರು ಕುಡಿಯುವವರಿಗೆ.' 'ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಇದ್ದರೆ.' 'ಹಾವು ಕಂಡ ಕೂಡಲೇ ಹೊಡೆಯುವವರಿಗೆ.' ಒಂದು ದಿನ ಅವರನ್ನು ಕೇಳಿದೆ, ಕಥೆಪುಸ್ತಕಕ್ಕೆ ಯಾಕೆ ಚೀಟಿ ಇಲ್ಲ ಎಂದು.

"ಕಥೆಪುಸ್ತಕ ತನ್ನ ಓದುಗರನ್ನು ತಾನೇ ಹುಡುಕಿಕೊಳ್ಳುತ್ತದೆ. ಇವಕ್ಕೆ ಯಾರಾದರೂ ಪರಿಚಯ ಮಾಡಿಕೊಡಬೇಕು," ಎಂದರು.

ಬರಿಯ ತಿಳಿವಳಿಕೆಗೆಂದೇ ಯಾರೋ ಕೂತು ಇಷ್ಟು ದಪ್ಪ ಪುಸ್ತಕ ಬರೆಯುತ್ತಾರೆ ಎಂಬುದು ನನಗೆ ಹೊಸದು. ನನ್ನ ಪಾಲಿಗೆ ಪುಸ್ತಕವೆಂದರೆ ಪಾಠ, ಇಲ್ಲವೇ ಕಥೆ. ಅವತ್ತಿನಿಂದ ದಿನಾ ಒಂದು ಗಂಟೆ ಅಲ್ಲಿ ಕೂರತೊಡಗಿದೆ. ಹಡಗಿಗೆ ಅದಿರು ತುಂಬುವಾಗ ತೂಕ ಒಂದು ಕಡೆ ವಾಲದಂತೆ ಹೇಗೆ ನೋಡಿಕೊಳ್ಳುತ್ತಾರೆ ಎಂಬುದನ್ನು ಮೊದಲು ಓದಿದೆ, ಯಾಕೆಂದರೆ ನನ್ನ ಗಂಡ ಬಂದರಿನಲ್ಲಿ ದುಡಿಯುತ್ತಿದ್ದ. ಹಾವಿನ ಪುಸ್ತಕದಲ್ಲಿ ಚಿತ್ರ ಮಾತ್ರ ನೋಡಿದೆ. ಕಣ್ಣಿನ ಪೊರೆಯ ಬಗ್ಗೆ ಇದ್ದದ್ದನ್ನು ಪೂರ್ತಿ ಓದಿ, ಮನೆಗೆ ಹೋಗಿ ಅವ್ವನ ಕಣ್ಣನ್ನು ಬೆಳಕಿಗೆ ಹಿಡಿದು ನೋಡಿದೆ. ಆ ಒಂದು ಗಂಟೆ ಮುಗಿಯುವುದು ಬೇಡ ಎನಿಸುತ್ತಿತ್ತು. ಮುಗಿದರೆ ಆಸ್ಪತ್ರೆಗೆ ಹೋಗಬೇಕಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಹಾಗೆಯೇ.

ಅಪ್ಪನ ವಿಷಯ ಹೇಳಬೇಕು. ವಿಜಾಪುರ ಜಿಲ್ಲೆಯಿಂದ ನಾವು ಗೋವಾಕ್ಕೆ ಬಂದಾಗ ನನಗೆ ನಾಲ್ಕು ವರ್ಷ. ಉತ್ತರ ಗೋವಾದ ಸಾಂಖಳಿಯಿಂದ ಇನ್ನೂ ಒಳಗೆ ಒಂದು ಕಲ್ಲಿನ ಕ್ರಷರ್ ಇತ್ತು. ದೊಡ್ಡ ಕಲ್ಲನ್ನು ಯಂತ್ರದ ಬಾಯಿಗೆ ಹಾಕಿ ಜಲ್ಲಿ ಮಾಡುವ ಕೆಲಸ. ಹದಿನಾಲ್ಕು ವರ್ಷ ಅಪ್ಪ ಆ ಯಂತ್ರದ ಬಾಯಿಯ ಹತ್ತಿರವೇ ನಿಂತ. ಅವನ ಜೊತೆ ನಿಲ್ಲುತ್ತಿದ್ದವರು ಬಾಗಲಕೋಟೆ ಕಡೆಯ ಒಬ್ಬ ಮುಸ್ಲಿಂ ಗೆಳೆಯ. ನಾನವರನ್ನು ಚಾಚಾ ಎನ್ನುತ್ತಿದ್ದೆ. ಇಬ್ಬರ ಖೋಲಿಗಳೂ ಎದುರುಬದುರು. ಮಧ್ಯಾಹ್ನ ಒಂದೇ ಬುತ್ತಿ ಬಿಚ್ಚಿಕೊಂಡು ಇಬ್ಬರೂ ಉಣ್ಣುತ್ತಿದ್ದರು.

ಅಪ್ಪನಿಗೆ ಕೆಮ್ಮು ಹತ್ತಿತು. ಕ್ರಷರ್ ಹತ್ತಿರ ಔಷಧ ಕೊಡುತ್ತಿದ್ದ ಒಬ್ಬ ಡಾಕ್ಟರು ಎಕ್ಸ್‌ರೇ ನೋಡಿ ಟಿಬಿ ಎಂದರು. ತಿಂಗಳುಗಟ್ಟಲೆ ಮಾತ್ರೆ ನುಂಗಿದ. ಕಮ್ಮಿಯಾದಂತೆ ಆಗಿ ಮತ್ತೆ ಹೆಚ್ಚಾಯಿತು. ಸ್ವಲ್ಪ ಕಾಲದ ಮೇಲೆ ಚಾಚಾನಿಗೂ ಕೆಮ್ಮು. ಚಾಚಾ ಎರಡೇ ವರ್ಷದಲ್ಲಿ ತೀರಿಕೊಂಡರು. ಅಪ್ಪ ಅವರ ದಫನಿಗೆ ಹೋಗಲಿಲ್ಲ. ಅವ್ವ ಹೋಗೆಂದಳು, ನಾನೂ ಹೇಳಿದೆ. ಗೋಡೆ ಕಡೆ ಮುಖ ಮಾಡಿ ಮಲಗಿದ್ದವನು ಏಳಲೇ ಇಲ್ಲ. ಅದಾದ ತಿಂಗಳೊಳಗೆ ಸಾಂಖಳಿಯ ಕಡೆಯ ಸಂಬಂಧ ಕಡಿದುಕೊಂಡು ದಾಬೋಲಿಮ್‌ಗೆ ಬಂದೆವು. ಕಟ್ಟುತ್ತಿದ್ದ ಒಂದು ಕಟ್ಟಡದಲ್ಲಿ ಅಪ್ಪ ವಾಚ್‌ಮನ್ ಆದ. ನನ್ನ ಮದುವೆಯಾಯಿತು, ಪಕ್ಕದ ಖೋಲಿಯಲ್ಲೇ ಸಂಸಾರ ಹೂಡಿದೆ, ಮಗಳು ಹುಟ್ಟಿದಳು.

ಆರು ವರ್ಷ ಅವ್ವ ಅಪ್ಪನಿಗೆ ಬೇರೆ ತಾಟು, ಬೇರೆ ಲೋಟ ಇಟ್ಟಿದ್ದಳು. ಹಾಸಿಗೆ ಬಾಗಿಲ ಹತ್ತಿರ. ಅವನ ಬಟ್ಟೆಯನ್ನು ಬೇರೆ ನೀರಿನಲ್ಲಿ ಒಗೆಯುತ್ತಿದ್ದಳು. ಅದು ಜಿಗುಪ್ಸೆಯಿಂದಲ್ಲ, ಡಾಕ್ಟರು ಹೇಳಿದ್ದನ್ನು ಅವಳು ನಿಷ್ಠೆಯಿಂದ ಪಾಲಿಸುತ್ತಿದ್ದಳು. ನನ್ನ ಮಗಳಿಗೆ ಆಗ ಎರಡು ವರ್ಷ. ಅಪ್ಪ ಅವಳನ್ನು ಒಂದು ದಿನವೂ ಎತ್ತಿಕೊಂಡಿರಲಿಲ್ಲ. ದೂರದಿಂದ ಬೆರಳಲ್ಲಿ ಚಿಟಿಕೆ ಹೊಡೆದು ನಗಿಸುತ್ತಿದ್ದ, ಅವಳು ಹತ್ತಿರ ಬಂದರೆ ತಾನೇ ಎದ್ದು ಹೊರಗೆ ಹೋಗುತ್ತಿದ್ದ.

ಗ್ರಂಥಾಲಯಕ್ಕೆ ಹೋಗತೊಡಗಿ ಹತ್ತೋ ಹನ್ನೊಂದೋ ದಿನವಾಗಿತ್ತು. ಸ್ಟ್ಯಾಂಡಿನ ಮೇಲೆ ಹೊಸದೊಂದು ಮರಾಠಿ ಪುಸ್ತಕ ಬಂದಿತ್ತು. ದುಡಿಮೆಯಿಂದ ಬರುವ ರೋಗಗಳ ಬಗ್ಗೆ ಬರೆದದ್ದು. ಚೀಟಿಯಲ್ಲಿ ಹೀಗಿತ್ತು: 'ಕಲ್ಲು, ಹತ್ತಿ, ಬಣ್ಣ, ಸಿಮೆಂಟು, ಇವುಗಳಲ್ಲಿ ದುಡಿಯುವವರಿಗೆ ಮತ್ತು ಅವರ ಮನೆಯವರಿಗೆ.'

'ಮನೆಯವರಿಗೆ' ಎಂಬ ಮಾತು ನನ್ನನ್ನು ತಡೆದು ನಿಲ್ಲಿಸಿತು. ಎತ್ತಿಕೊಂಡು ಕಿಟಕಿ ಪಕ್ಕ ಕೂತೆ.

ಕಲ್ಲಿನ ಅಧ್ಯಾಯ ಮೂರನೆಯದು. ಕಲ್ಲು ಒಡೆಯುವಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣುವುದು ಅಷ್ಟು ಕೆಟ್ಟದ್ದಲ್ಲ, ಕಾಣದಷ್ಟು ಸಣ್ಣದೇ ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ ಎಂದಿತ್ತು. ಇಳಿದದ್ದು ಅಲ್ಲೇ ಗಾಯ ಮಾಡಿ ಗಂಟು ಕಟ್ಟುತ್ತದೆ. ವರ್ಷಗಟ್ಟಲೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು, ಮೈ ಇಳಿಯುವುದು. ಎಕ್ಸ್‌ರೇಯಲ್ಲಿ ಟಿಬಿಯಂತೆಯೇ ಕಾಣುವುದರಿಂದ ಎಷ್ಟೋ ಜನರಿಗೆ ಟಿಬಿ ಎಂದೇ ಔಷಧ ಕೊಡುತ್ತಾರೆ. ಇಂಥವರಿಗೆ ನಿಜವಾದ ಟಿಬಿಯೂ ಬೇಗ ಅಂಟಬಹುದು, ಆದ್ದರಿಂದ ಕಫದ ಪರೀಕ್ಷೆ ತಪ್ಪದೆ ಆಗಬೇಕು. ಇದರ ಹೆಸರು ಸಿಲಿಕೋಸಿಸ್. ಪುಟದ ಕೊನೆಗೆ ಒಂದು ಸಾಲು: ಧೂಳಿನಿಂದ ಬಂದ ಈ ರೋಗ ಒಬ್ಬರಿಂದ ಇನ್ನೊಬ್ಬರಿಗೆ ಹರಡುವುದಿಲ್ಲ.

ಆ ಸಾಲನ್ನು ಎಷ್ಟು ಸಲ ಓದಿದೆನೋ. ಮರಾಠಿಯಲ್ಲಿ ಏನಾದರೂ ತಪ್ಪು ತಿಳಿದೆನೇನೋ ಎಂದು ಒಂದೊಂದು ಪದವನ್ನೂ ಬಿಡಿಸಿ ಓದಿದೆ. ಕಾರ್ಖಾನೆಯ ಊಟದ ಕೂಪನ್ನಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದುಕೊಳ್ಳಲು ನೋಡಿದೆ, ಜಾಗ ಸಾಲಲಿಲ್ಲ. ಗ್ರಂಥಪಾಲಕರು ಬಂದು ಎರಡು ಬಿಳಿ ಹಾಳೆ ಮೇಜಿನ ಮೇಲೆ ಇಟ್ಟು ಏನೂ ಕೇಳದೆ ಹೋದರು. ಬರೆದು ಮುಗಿಸಿ ಗೋಡೆಯ ಗಡಿಯಾರ ನೋಡಿದರೆ ಆರು ದಾಟಿತ್ತು. ಆಸ್ಪತ್ರೆಯ ಬಾಗಿಲು ಹಾಕಿಯಾಗಿತ್ತು. ಅಪ್ಪನನ್ನು ನೋಡದೆ ಮನೆಗೆ ಹೋದ ದಿನ ಅದೊಂದೇ.

ಬಸ್ಸಿನಲ್ಲಿ ನನ್ನ ತಲೆಯಲ್ಲಿದ್ದದ್ದು ನನ್ನ ಮಾಸ್ಕು. ಕಾರ್ಖಾನೆಯಲ್ಲಿ ನಮಗೆ ಟೋಪಿ, ಕೈಗವಸು, ಮಾಸ್ಕು ಎಲ್ಲ ಕೊಡುತ್ತಿದ್ದರು. ಮಾತ್ರೆಗಳಿಗೆ ನಮ್ಮ ಉಸಿರು ತಾಗಬಾರದೆಂದು. ಅಪ್ಪ ಹದಿನಾಲ್ಕು ವರ್ಷ ಮೂಗಿಗೆ ಕಟ್ಟಿಕೊಂಡದ್ದು ತಲೆಗೆ ಸುತ್ತುವ ಟವೆಲ್ಲು.

ಮರುದಿನ ವಾರ್ಡಿನ ಹೆಣ್ಣು ಡಾಕ್ಟರ ಮುಂದೆ ಹಾಳೆ ಹಿಡಿದು ನಿಂತೆ. ಎಲ್ಲರೂ ಅವರನ್ನು 'ಡಾಕ್ಟರ್ ಬಾಯಿ' ಎನ್ನುತ್ತಿದ್ದರು. ಚಿಕ್ಕ ವಯಸ್ಸಿನವರು, ಯಾವಾಗಲೂ ಅವಸರದಲ್ಲಿ ಇರುತ್ತಿದ್ದರು. ಪುಸ್ತಕ ಓದಿ ಡಾಕ್ಟರಿಗೆ ಬುದ್ಧಿ ಹೇಳಲು ಬಂದಳು ಎಂದುಕೊಳ್ಳುತ್ತಾರೆ ಎಂಬ ಭಯ ನನಗೆ. ಹಾಳೆಯನ್ನು ಪೂರ್ತಿ ಓದಿದರು. ಆಮೇಲೆ ಹಿಂದಿಯಲ್ಲಿ ಕೇಳಿದರು.

"ಇವರು ವಾಚ್‌ಮನ್ ಅಲ್ಲವಾ? ಫೈಲಿನಲ್ಲಿ ಹಾಗೇ ಇದೆ."

"ಈಗ ವಾಚ್‌ಮನ್. ಅದಕ್ಕೂ ಮೊದಲು ಹದಿನಾಲ್ಕು ವರ್ಷ ಕ್ರಷರಿನಲ್ಲಿದ್ದರು."

"ಇದನ್ನು ಯಾಕೆ ಹೇಳಲಿಲ್ಲ?"

ಆಸ್ಪತ್ರೆಗೆ ಭರ್ತಿ ಮಾಡುವಾಗ ಚೀಟಿ ಬರೆಯುವವರು ಏನು ಕೆಲಸ ಎಂದು ಕೇಳಿದ್ದರು, ವಾಚ್‌ಮನ್ ಎಂದಿದ್ದೆವು. ಮೊದಲು ಏನು ಮಾಡುತ್ತಿದ್ದಿರಿ ಎಂದು ಯಾರೂ ಕೇಳಿರಲಿಲ್ಲ. ಹೇಳಬೇಕೆಂದು ನಮಗೂ ಹೊಳೆದಿರಲಿಲ್ಲ. ಡಾಕ್ಟರ್ ಬಾಯಿ ಎಕ್ಸ್‌ರೇ ತರಿಸಿ ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಇಲ್ಲಿಗೆ ಬಂದ ಮೇಲೆ ಮಾಡಿದ್ದ ಎರಡು ಕಫದ ಪರೀಕ್ಷೆಯಲ್ಲೂ ಟಿಬಿ ಕಂಡಿರಲಿಲ್ಲವಂತೆ. ಇನ್ನೊಂದು ಸಲ ಮಾಡಿಸಿದರು. ದೊಡ್ಡ ಡಾಕ್ಟರಿಗೂ ತೋರಿಸಿದರು. ನಾಲ್ಕು ದಿನದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು.

"ನೀನು ತಂದ ಹಾಳೆಯಲ್ಲಿ ಇದ್ದದ್ದೇ. ಕಲ್ಲಿನ ಧೂಳು. ಈಗ ಟಿಬಿ ಇಲ್ಲ."

"ಔಷಧ?"

"ಒಳಗೆ ಹೋದ ಧೂಳನ್ನು ಹೊರಗೆ ತೆಗೆಯುವ ಔಷಧ ಇಲ್ಲ. ಉಸಿರಾಟಕ್ಕೆ ಸುಲಭ ಮಾಡಬಹುದು, ಅಷ್ಟೇ. ಆದರೆ ಇದು ಯಾರಿಗೂ ಅಂಟುವುದಿಲ್ಲ. ಮನೆಯಲ್ಲಿ ಬೇರೆ ಇಡಬೇಡಿ."

ಅಪ್ಪನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದ. ವಾಸಿಯಾಗುವ ರೋಗವಲ್ಲ ಎಂಬುದನ್ನು ಹೇಗೆ ಹೇಳುವುದೆಂದು ವಾರ್ಡಿನ ಉದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅದನ್ನು ಅವನು ಕಿವಿಗೆ ಹಾಕಿಕೊಂಡಂತೆಯೇ ಕಾಣಲಿಲ್ಲ.

"ಅಂದ್ರ ಇದು ಮಂದಿಗೆ ಹತ್ತೂ ರೋಗ ಅಲ್ಲ?"

"ಅಲ್ಲಪ್ಪ. ಕಲ್ಲಿನ ಧೂಳಿಂದ ಬಂದದ್ದು. ಒಬ್ಬರಿಂದ ಒಬ್ಬರಿಗೆ ಹತ್ತೂದಿಲ್ಲ."

"ಡಾಕ್ಟರ್ ಬಾಯಿನೂ ಹಂಗ ಅಂದ್ರು?"

"ಹೂಂ, ಅವರ ಹೇಳ್ಯಾರ."

ಅವನು ಮಳೆ ಬೀಳುತ್ತಿದ್ದ ಕಿಟಕಿ ಕಡೆ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ.

"ಅಂದ್ರ ಅವಂಗ ನಾ ಹಚ್ಚಿಲ್ಲ?"

ಯಾರಿಗೆ ಎಂದು ನಾನು ಕೇಳಲಿಲ್ಲ. ಒಂದೇ ಬುತ್ತಿಯಲ್ಲಿ ಉಂಡ ಗೆಳೆಯ ತನ್ನಿಂದಲೇ ಸತ್ತ ಎಂಬ ಭಾರವನ್ನು ಅವನು ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ್ದ. ದಫನಿಗೆ ಹೋಗದೆ ಗೋಡೆ ಕಡೆ ತಿರುಗಿ ಮಲಗಿದ್ದು ಅದಕ್ಕೆ. ಸಾಂಖಳಿ ಬಿಟ್ಟದ್ದೂ ಅದಕ್ಕೆ. ನಾವು ಅವನ ಮಗಳು, ಹೆಂಡತಿ. ನಮಗೆ ಗೊತ್ತೇ ಆಗಿರಲಿಲ್ಲ.

"ಇಲ್ಲಪ್ಪ. ಚಾಚಾಗೂ ಧೂಳ ಇದ್ದಿರಬೇಕು. ನೀ ಏನೂ ಮಾಡಿಲ್ಲ."

ಅಪ್ಪ ಹೊದಿಕೆಯ ಅಂಚನ್ನು ಬಾಯಿಗೆ ಒತ್ತಿ ಅತ್ತ. ಪಕ್ಕದ ಮಂಚದವರು ಕೆಮ್ಮು ಎಂದುಕೊಂಡಿರಬೇಕು.

ಅವ್ವನಿಗೆ ಹೇಳಿದ್ದು ಆ ಸಂಜೆ. ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಕೊನೆಯ ರೊಟ್ಟಿಯನ್ನು ಹಂಚಿನಿಂದ ತೆಗೆದು, "ಮೊದಲ ಯಾರರೆ ಹೇಳಬೇಕಿತ್ತು ನಮಗ," ಎಂದಳು. ಮತ್ತೆ ಆ ಮಾತು ಎತ್ತಲಿಲ್ಲ. ಅಪ್ಪ ಮನೆಗೆ ಬಂದ ದಿನ ಅವನ ಹಾಸಿಗೆಯನ್ನು ಬಾಗಿಲಿನಿಂದ ತೆಗೆದು ಒಳಗೆ ತನ್ನದರ ಪಕ್ಕ ಹಾಸಿದಳು. ನನ್ನ ಮಗಳನ್ನು ತಂದು ಅವನ ತೊಡೆಯ ಮೇಲೆ ಕೂರಿಸಿದಳು. ಮಗು ಚೀರಿ ಇಳಿದು ಓಡಿತು. ಹುಟ್ಟಿದಾಗಿನಿಂದ ಅಜ್ಜನ ಹತ್ತಿರ ಹೋಗಬೇಡ ಎಂದು ಕಲಿಸಿದ್ದೆವು, ಒಂದು ದಿನದಲ್ಲಿ ಮರೆಯುವುದು ಹೇಗೆ? ಅಪ್ಪ ಬೇಜಾರು ಮಾಡಿಕೊಳ್ಳಲಿಲ್ಲ. "ಇರಲಿ, ತಾನ ಬರ್ತೈತಿ," ಎಂದ. ಮಗು ತಾನಾಗಿಯೇ ಅವನ ಹತ್ತಿರ ಹೋಗಲು ಎರಡು ವಾರ ಹಿಡಿಯಿತು.

ಅಷ್ಟರಲ್ಲಿ ಅವನಿಗೆ ಒಂದೇ ಹಟ: ಆ ಪುಸ್ತಕ ತಾನು ಕೇಳಬೇಕು.

"ನೀ ಬರಕೊಂಡು ಬಂದದ್ದು ಅಲ್ಲ. ಪುಸ್ತಕನ ಓದಿ ಹೇಳು," ಎಂದ. ಅವನಿಗೆ ಸಹಿ ಹಾಕಲು ಕೂಡ ಬರುತ್ತಿರಲಿಲ್ಲ. ಬರೆದದ್ದರ ಮೇಲೆ, ಅದಕ್ಕೇ ಇರಬೇಕು, ಅವನಿಗೆ ಬಹಳ ನಂಬಿಕೆ.

ಸ್ಟ್ಯಾಂಡಿನ ಮೇಲಿನ ಪುಸ್ತಕಗಳನ್ನು ತಿಂಗಳು ಮುಗಿಯುವ ತನಕ ಮನೆಗೆ ಕೊಡುತ್ತಿರಲಿಲ್ಲ. ನನ್ನ ರಜೆಯ ದಿನ ಅಪ್ಪನನ್ನೇ ಕರೆದುಕೊಂಡು ಹೋದೆ. ನಾಲ್ಕು ಮೆಟ್ಟಿಲಿಗೊಮ್ಮೆ ಕಂಬಿ ಹಿಡಿದು ನಿಂತು, ಉಸಿರು ತಿರುಗಿಸಿಕೊಂಡು ಹತ್ತಿದ. ಕಿಟಕಿ ಹತ್ತಿರ ಕೂತು ಸಣ್ಣ ದನಿಯಲ್ಲಿ ಮರಾಠಿಯ ಒಂದೊಂದು ವಾಕ್ಯ ಓದಿ ಕನ್ನಡದಲ್ಲಿ ಹೇಳತೊಡಗಿದೆ. ಅರ್ಧ ಪುಟ ಆಗಿರಲಿಲ್ಲ, ಅಪ್ಪನಿಗೆ ಕೆಮ್ಮು ಬಂತು. ನಿಲ್ಲಲಿಲ್ಲ. ಎದುರಿಗೆ ಪೇಪರ್ ಓದುತ್ತಿದ್ದ ನಿವೃತ್ತರೊಬ್ಬರು ಎದ್ದು ಹೋಗಿ ಮೇಜಿನ ಹತ್ತಿರ ಏನೋ ಹೇಳಿದರು. ಹೊರಗೆ ಹೋಗಬೇಕಾಗುತ್ತದೆ ಎಂದು ನಾನು ಪುಸ್ತಕ ಮುಚ್ಚಿದೆ.

ಗ್ರಂಥಪಾಲಕರು ಬಂದು, "ಹಳೆ ಪೇಪರ್ ಕಟ್ಟಿಡುವ ಒಂದು ಕೋಣೆ ಇದೆ. ಅಲ್ಲಿ ಜೋರಾಗಿಯೇ ಓದಬಹುದು," ಎಂದರು. ತಾವೇ ಕುರ್ಚಿ ಎತ್ತಿ ತಂದು ಹಾಕಿದರು.

ಆ ಕೋಣೆಯಲ್ಲಿ ಮೂರು ರಜೆಯ ದಿನ ಓದಿದೆವು. ಶ್ವಾಸಕೋಶದ ಚಿತ್ರವಿದ್ದ ಪುಟ ಬಂದಾಗ ಅಪ್ಪ ಅದರ ಮೇಲೆ ಅಂಗೈ ಇಟ್ಟ.

"ಇದು ಯಾರದು?"

"ಯಾರದೋ ಅಪ್ಪ. ಹೆಸರಿಲ್ಲ."

"ಯಾರದರೆ ಇರಲಿ, ಅಂವಾನೂ ಕಲ್ಲ ಒಡದಾನ."

ಬಟ್ಟೆ ಕಟ್ಟಿಕೊಂಡರೆ ಈ ಸಣ್ಣ ಧೂಳು ತಡೆಯುವುದಿಲ್ಲ ಎಂದು ಓದಿದಾಗ ಅವನು ತಲೆ ಆಡಿಸಿದ. "ಖರೇ. ಟವೆಲ್ ಬಿಚ್ಚಿ ಝಾಡಿಸಿದ್ರ ಒಳಗಿನ ಮಗ್ಗಲಾನೂ ಬೆಳ್ಳಗ ಇರ್ತಿತ್ತು. ರೊಟ್ಟಿ ಕಡದ್ರ ಹಲ್ಲಾಗ ಕರಕರ ಅಂತಿತ್ತು. ನೀರ ಹೊಡದು ಕಲ್ಲ ಹಾಕಿದ್ರ ಧೂಳ ಏಳಂಗಿಲ್ಲ. ನಾವು ಕೇಳಿದ್ವಿ. ಜಲ್ಲಿ ಹಸಿ ಆದ್ರ ಅದನ್ನ ಒಯ್ಯೋ ಪಟ್ಟಾ ಜಾಮ್ ಆಗ್ತೈತಿ ಅಂದ್ರು ಮಾಲಕ್ರು." ಮುಂದಿನ ಪುಟದಲ್ಲಿ ನೀರು ಸಿಂಪಡಿಸುವ ಮಾತೇ ಇತ್ತು. ಅವನು ಓದು ಬರದವನು, ಪುಸ್ತಕಕ್ಕಿಂತ ಒಂದು ಪುಟ ಮುಂದೆ ಇದ್ದ. ಬಾಗಿಲಲ್ಲಿ ನಿಂತಿದ್ದ ಗ್ರಂಥಪಾಲಕರು ಅಪ್ಪ ಏನು ಹೇಳಿದರೆಂದು ನನ್ನನ್ನು ಕೇಳಿ ತಿಳಿದುಕೊಂಡರು. ಮುಂದಿನ ಸಲ ಹೋದಾಗ ಆ ಪುಸ್ತಕದ ಚೀಟಿಯಲ್ಲಿ 'ಕ್ರಷರ್' ಎಂಬ ಪದ ಸೇರಿತ್ತು.

ಮೂರನೆಯ ದಿನ ಓದು ಮುಗಿದ ಮೇಲೆ ಅಪ್ಪ ಹೇಳಿದ. "ಈ ಪುಸ್ತಕ ತಗೊಂಡು ಸಾಂಖಳಿಗೆ ಹೋಗಬೇಕು. ಭಾಬಿಗೆ ಹೇಳಬೇಕು."

ಭಾಬಿ ಎಂದರೆ ಚಾಚಾನ ಹೆಂಡತಿ. ನನಗೆ ಚಾಚಿ.

ಪುಸ್ತಕ ಒಯ್ಯಬೇಕಾದರೆ ಸದಸ್ಯಳಾಗಬೇಕು. ಸದಸ್ಯಳಾಗಲು ಊರಿನವರು ಒಬ್ಬರು ಸಹಿ ಹಾಕಬೇಕು. ನನಗೆ ಅಂಥವರು ಯಾರೂ ಗೊತ್ತಿರಲಿಲ್ಲ. ಗ್ರಂಥಪಾಲಕರು ಅರ್ಜಿಯನ್ನು ಹಿಡಿದುಕೊಂಡು ಹೋಗಿ ಪೇಪರ್ ಓದುತ್ತಿದ್ದ ಅದೇ ನಿವೃತ್ತರ ಮುಂದೆ ಇಟ್ಟರು. ಇಬ್ಬರೂ ಸ್ವಲ್ಪ ಹೊತ್ತು ತಗ್ಗಿದ ದನಿಯಲ್ಲಿ ಮಾತಾಡಿದರು. ಅವರು ಅಪ್ಪನನ್ನು ಒಮ್ಮೆ ನೋಡಿ, ಜೇಬಿನಿಂದ ಪೆನ್ನು ತೆಗೆದು ಸಹಿ ಮಾಡಿದರು. ತಿಂಗಳು ಮುಗಿದ ಮರುದಿನ ಆ ಪುಸ್ತಕ ನನ್ನ ಕೈಗೆ ಬಂತು.

ದಾಬೋಲಿಮ್‌ನಿಂದ ಸಾಂಖಳಿಗೆ ಬಸ್ಸು ಬದಲಿಸಿಕೊಂಡು ಹೋಗಬೇಕು. ಮಳೆ ಕಮ್ಮಿಯಾಗಿತ್ತು. ಅಪ್ಪ ಕಿಟಕಿ ಸೀಟಿನಲ್ಲಿ ಬಾಯಿ ತೆರೆದು ಉಸಿರಾಡುತ್ತ ಕೂತಿದ್ದ. ಹಿಂದಕ್ಕೆ ಹೋಗೋಣವೇ ಎಂದು ಪಣಜಿಯಲ್ಲಿ ಕೇಳಿದೆ. ಬೇಡ ಎಂದು ಕೈ ಆಡಿಸಿದ.

ಚಾಚಿ ಅದೇ ಸಾಲಿನ ಅದೇ ಖೋಲಿಯಲ್ಲಿದ್ದರು. ಮುಂಜಾನೆ ಎರಡು ಮನೆಯ ಪಾತ್ರೆ ತಿಕ್ಕಿ ಬಂದು ಹೊಸ್ತಿಲಲ್ಲಿ ಅಕ್ಕಿ ಆರಿಸುತ್ತಿದ್ದರು. ಅಪ್ಪನನ್ನು ಕಂಡವರೇ ಎದ್ದು ಸೆರಗು ತಲೆಯ ಮೇಲೆ ಎಳೆದುಕೊಂಡರು. ಒಳಗೆ ಬನ್ನಿ ಎನ್ನಲಿಲ್ಲ. ನಮ್ಮನ್ನು ನೋಡಲು ಅವರಿಗೆ ಇಷ್ಟವಿಲ್ಲ ಎಂದೇ ನನಗನಿಸಿತು.

ಅಪ್ಪ ಮೆಟ್ಟಿಲ ಮೇಲೆ ಕೂತ. ಉಸಿರು ತಿರುಗಿಸಿಕೊಂಡು ಹೇಳಿದ.

"ಭಾಬಿ, ಅವನ ಮಣ್ಣಿಗೆ ನಾ ಬರಲಿಲ್ಲ. ನಂದ ರೋಗ ಅವಂಗ ಹತ್ತಿತು ಅಂತ ತಿಳದಿದ್ದೆ. ನಿಮ್ಮ ಮುಂದ ನಿಂದರಾಕ ಮಾರಿ ಇರಲಿಲ್ಲ."

ಚಾಚಿ ಮೊರವನ್ನು ಕೆಳಗಿಟ್ಟರು. "ಏನ ಅನ್ನಾಕತ್ತೀರಿ ಅಣ್ಣಾ? ನಿಮ್ಮದು ಅವರಿಗೆ ಹತ್ತಿತು ಅಂತ ನಾ ಎಂದೂ ಅಂದಿಲ್ರಿ. ಅವರಿಗೇ ಮೊದ್ಲ ಕೆಮ್ಮ ಇತ್ತು. ಮನ್ಯಾಗ ಅಷ್ಟ ಕೆಮ್ಮತಿದ್ರು, ಕೆಲಸದಾಗ ತಡಕೋತಿದ್ರು. ಕೆಲಸ ಹೋಗ್ತೈತಿ, ಯಾರ ಮುಂದೂ ಹೇಳಬ್ಯಾಡ ಅಂದಿದ್ರು. ನಿಮಗ ಟಿಬಿ ಅಂತ ಕೇಳಿದಾಗ ಎದಿ ಒಡೀತು. ನಮ್ಮವರ ಬುತ್ತಿ ಉಂಡ ನಿಮಗ ಹತ್ತೈತಿ ಅಂತ ನಾ ತಿಳದೆ. ನೀವು ದಫನಿಗೆ ಬರಲಿಲ್ಲ. ಅದಕ್ಕ ಬರಲಿಲ್ಲ, ನಮ್ಮ ಮ್ಯಾಲೆ ಸಿಟ್ಟ ಆಗ್ಯಾರ ಅಂತ ತಿಳಕೊಂಡೆ."

ಅಪ್ಪ ಪುಸ್ತಕದ ಕಡೆ ಕೈ ತೋರಿಸಿದ. ನಾನು ಪುಸ್ತಕ ತೆರೆದೆ. ಕಲ್ಲಿನ ಅಧ್ಯಾಯವನ್ನು ಮೊದಲಿನಿಂದ ಓದಿ, ಒಂದೊಂದೇ ವಾಕ್ಯ ಕನ್ನಡದಲ್ಲಿ ಹೇಳಿದೆ. ಹರಡುವುದಿಲ್ಲ ಎಂಬ ಸಾಲು ಬಂದಾಗ ಚಾಚಿ, "ಇನ್ನೊಮ್ಮೆ ಹೇಳವಾ," ಎಂದರು. ಇನ್ನೊಮ್ಮೆ ಹೇಳಿದೆ.

"ಅವರ ಹಾಸಿಗಿ ಸುಟ್ಟೆ," ಎಂದರು ಚಾಚಿ. "ಕಡಿ ಕಡಿಗೆ ನೀರ ಕುಡಸೂ ಮುಂದ ಕೈ ಹಿಂದ ಸರೀತಿತ್ತು. ಅವರು ನೋಡಿದ್ರು ಅದನ್ನ."

ದೂರದಲ್ಲಿ ಕ್ರಷರ್ ಓಡುವ ಸದ್ದು ಕೇಳುತ್ತಿತ್ತು. ಆ ಸದ್ದಿನ ಕಡೆ ಚಾಚಿ ತಿರುಗಿ ನೋಡಿದರು. ಮುಖದ ಬಣ್ಣವೇ ಬೇರೆಯಾಯಿತು.

"ನನ್ನ ಮಗ ಅಲ್ಲೇ ಅದಾನ," ಎಂದರು. "ಹ್ವಾದ ವರ್ಷ ಕೆಲಸಕ್ಕ ಹಚ್ಚೇವಿ. ಅವರಪ್ಪನ ಜಾಗಾ ಅಂತ ಕರದು ಕೊಟ್ರು."

ಮಗನಿಗೆ ಆಗ ಇಪ್ಪತ್ತಮೂರು ವರ್ಷ. ಸಂಜೆ ಬಂದ. ರೆಪ್ಪೆಯ ಮೇಲೂ ಬಿಳಿ ಪುಡಿ. ತಾಯಿ ಹೇಳಿದ್ದನ್ನು ಕೇಳಿ ನಕ್ಕ. ನನಗೇನೂ ಆಗಿಲ್ಲ, ಎರಡು ಚೀಲ ಎತ್ತಿ ಓಡುತ್ತೇನೆ ಎಂದ. ನಾನು ಪುಸ್ತಕದಲ್ಲಿದ್ದದ್ದನ್ನು ಹೇಳಿದೆ: ಮೊದಲ ವರ್ಷಗಳಲ್ಲಿ ಏನೂ ಗೊತ್ತಾಗುವುದಿಲ್ಲ. ಅವನು ನನ್ನ ಮಾತನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆಗ ಅಪ್ಪ ಅವನನ್ನು ಹತ್ತಿರ ಕರೆದು ತನ್ನ ಅಂಗಿಯ ಗುಂಡಿ ಬಿಚ್ಚಿದ.

"ಇಲ್ಲೆ ಕಿವಿ ಇಟ್ಟು ಕೇಳು. ನಿಮ್ಮಪ್ಪಂದೂ ಹಿಂಗ ಇತ್ತು."

ಹುಡುಗ ಸಂಕೋಚದಿಂದ ಬಗ್ಗಿ ಅಪ್ಪನ ಎದೆಗೆ ಕಿವಿ ಇಟ್ಟ. ಹಾಗೇ ಇದ್ದ. ಎದ್ದಾಗ ಮುಖದಲ್ಲಿ ನಗು ಇರಲಿಲ್ಲ. ಅಪ್ಪನ ಎದೆಯ ಮೇಲೆ ಬಿಳಿ ಪುಡಿಯ ಗುರುತು ಉಳಿದಿತ್ತು.

ಅವನು ತಕ್ಷಣ ಕೆಲಸ ಬಿಡಲಿಲ್ಲ. ಇನ್ನೂ ಒಂದು ತಿಂಗಳು ಅಲ್ಲಿಗೇ ಹೋದ. ಅದರ ನಡುವೆ ನಾನು ಬರೆದುಕೊಟ್ಟ ಕನ್ನಡದ ಹಾಳೆಯನ್ನು ಜೊತೆಯವರಿಗೆ ಓದಿ ಹೇಳಿದನಂತೆ. ನೀರು ಸಿಂಪಡಿಸಿ ಎಂದು ಅವನೂ ಇನ್ನು ನಾಲ್ಕು ಮಂದಿಯೂ ಕೂಡಿ ಕೇಳಿದರಂತೆ. ಇಷ್ಟವಿಲ್ಲದವರು ಹೋಗಬಹುದು ಎಂದರಂತೆ ಅಲ್ಲಿ ಕೂಲಿಗಳ ಮೇಲುಸ್ತುವಾರಿ ನೋಡುತ್ತಿದ್ದ ಮುಕಾದಮ. ಆಮೇಲೆ ಚಾಚಿ ಅವನ ಬುತ್ತಿ ಕಟ್ಟುವುದನ್ನೇ ನಿಲ್ಲಿಸಿದರು. ಅವನು ದಾಬೋಲಿಮ್‌ಗೆ ಬಂದ. ನನ್ನ ಗಂಡ ಅವನನ್ನು ಬಂದರಿನ ಕಡೆ ಲಾರಿ ಸಾಗಾಣಿಕೆಯವರಲ್ಲಿ ಸೇರಿಸಿದ. ಮೊದಲು ಕ್ಲೀನರ್, ಆಮೇಲೆ ಡ್ರೈವರ್.

ಅಪ್ಪ ಮುಂದಿನ ವರ್ಷ ಮಳೆ ಹಿಡಿಯುವ ಮುನ್ನ ತೀರಿಕೊಂಡ. ಆ ಹತ್ತು ತಿಂಗಳು ಸುಲಭದ್ದಾಗಿರಲಿಲ್ಲ. ಕೊನೆಗೆ ಮಲಗಲೂ ಆಗದೆ ಕೂತೇ ನಿದ್ದೆ ಮಾಡುತ್ತಿದ್ದ. ನಮಗೆ ಗೊತ್ತಾದದ್ದರಿಂದ ಅವನ ಆಯುಷ್ಯ ಒಂದು ದಿನವೂ ಹೆಚ್ಚಲಿಲ್ಲ. ಆದರೆ ಅವನು ಹೇಳಿಟ್ಟಿದ್ದ ಮಾತೊಂದಿತ್ತು: "ನಾ ಹ್ವಾದ ಮ್ಯಾಲೆ ಕಾಗದದಾಗ ಟಿಬಿ ಅಂತ ಬರಸಬ್ಯಾಡ್ರಿ. ಧೂಳಂತ ಬರಸ್ರಿ." ಡಾಕ್ಟರ್ ಬಾಯಿ ಹಾಗೆಯೇ ಬರೆದುಕೊಟ್ಟರು. ಆ ಕಾಗದ ಈಗಲೂ ನನ್ನ ಹತ್ತಿರವಿದೆ.

ಅಪ್ಪನ ಮಣ್ಣಿಗೆ ಚಾಚಿ ಬಂದರು. ಅವ್ವನ ಪಕ್ಕದಲ್ಲಿ ಸಂಜೆವರೆಗೆ ಕೂತಿದ್ದು, ಮಗನ ಜೊತೆ ಕೊನೆಯ ಬಸ್ಸಿಗೆ ಹೋದರು. ಮರುವರ್ಷ ಹುಡುಗನ ಎಕ್ಸ್‌ರೇ ತೆಗೆಸಿದೆವು. ಈಗ ಏನೂ ಕಾಣುತ್ತಿಲ್ಲ, ವರ್ಷಕ್ಕೊಮ್ಮೆ ತಪ್ಪದೆ ತೋರಿಸಿ ಎಂದರು. ಅವನ ಜೊತೆ ನೀರು ಸಿಂಪಡಿಸಿ ಎಂದು ಕೇಳಿದ್ದ ನಾಲ್ಕು ಮಂದಿಯಲ್ಲಿ ಇಬ್ಬರು ಬೇರೆ ಕೆಲಸಕ್ಕೆ ಹೋದರು, ಒಬ್ಬ ಊರಿಗೆ ಹಿಂದಿರುಗಿದ. ಇನ್ನೊಬ್ಬ ಅಲ್ಲೇ ಉಳಿದ. ಅವನ ಮನೆಯವರಿಗಾಗಿ ಆ ಹಾಳೆಯನ್ನು ಮತ್ತೊಮ್ಮೆ ದೊಡ್ಡ ಅಕ್ಷರದಲ್ಲಿ ಬರೆದು ಚಾಚಿಯ ಕೈಯಲ್ಲಿ ಕಳಿಸಿದೆ. ಓದಿದರೋ ಇಲ್ಲವೋ, ನನಗೆ ತಿಳಿಯಲಿಲ್ಲ.